ಎರಡು ಗೇಣು ಹೆಚ್ಚು

"ಇವತ್ತ ಎಷ್ಟಾತು?" ಮಗ್ಗದ ಕುಣಿಯಲ್ಲಿ ಕೂತೇ ಅಂದಾನಪ್ಪ ಕೇಳಿದ.

ಬೆಳಿಗ್ಗೆ ಮಗ್ಗದ ಸೀರೆಯ ಅಂಚಿಗೆ ತಾನೇ ಕಟ್ಟಿದ್ದ ಕೆಂಪು ದಾರದ ಗಂಟನ್ನು ಶೇಖವ್ವ ಮಬ್ಬಿನಲ್ಲೇ ತಡವಿ ಹುಡುಕಿದಳು. ಅಲ್ಲಿಂದ ಹೆಬ್ಬೆರಳು, ಕಿರುಬೆರಳು ಚಾಚುತ್ತ ಅಳೆದಳು.

"ಆರು ಗೇಣ್ರಿ! ನಿನ್ನಿತನಕ ನಾಕು ದಾಟಿರಲಿಲ್ಲ. ಎರಡು ಗೇಣು ಹೆಚ್ಚು!"

ಮೂರು ತಿಂಗಳಿಂದ ಅವನಿಗೆ ಉಂಡದ್ದು ದಕ್ಕುತ್ತಿರಲಿಲ್ಲ. ಮಧ್ಯಾಹ್ನವಾಗುತ್ತಲೇ ಕೈ ಸೋಲುತ್ತಿತ್ತು. ಅತ್ತರು ಮಾರುವ ಮಲೀಕಸಾಬ ಹಿಂದಿನ ದಿನ ಕಲಾದಗಿಯಿಂದ ಒಂದು ಬಾಟಲಿ ತಂದುಕೊಟ್ಟಿದ್ದ. ಚೀಟಿಯ ಮೇಲೆ ತೊಡೆ ತಟ್ಟಿ ನಿಂತ ಪೈಲವಾನ; ಕೆಳಗೆ, ಹೊಟ್ಟೆಯ ಸಕಲ ದೋಷಕ್ಕೂ ಮೈಯ ಸಕಲ ಆಯಾಸಕ್ಕೂ ಇದೊಂದೇ ಮದ್ದು ಎಂಬ ಅಕ್ಷರ. "ಶೇಖವ್ವಕ್ಕಾ, ಇದನ್ನ ಕುಡಿಸಿದ ಮ್ಯಾಲ ನಿನ್ನ ಗಂಡನ್ನ ಮಗ್ಗಕ್ಕ ಕಟ್ಟಿಹಾಕು. ಇಲ್ಲಾಂದ್ರ ಗರಡಿಮನಿಗೆ ಓಡ್ಯಾನು!" ಎಂದು ನಕ್ಕಿದ್ದ.

ಮರುದಿನ ನಸುಕಿನಲ್ಲಿ ಅವಳ ಅಣ್ಣ ಅಮಸಿದ್ದಪ್ಪ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ಯಲು ಗುಡೂರಿನಿಂದ ಗಾಡಿ ಹೂಡಿಕೊಂಡು ಬಂದ.

"ಗಾಡಿ ಬ್ಯಾಡೋ ಅಣ್ಣಾ. ಔಷಧ ಹತ್ತೇತಿ."

"ಹುಚ್ಚವ್ವಾ, ಅವನ ಮಾರಿ ನೋಡೀಯೇನು?"

"ಮಾರಿ ಯಾಕ ನೋಡ್ಲಿ? ನೇಕಾರನ ಕೆಲಸ ನೋಡೀನಿ. ಎರಡು ಗೇಣು ಹೆಚ್ಚು ನೇಯ್ದಾರ!"

ಕುಣಿಯಲ್ಲಿದ್ದ ಅಂದಾನಪ್ಪ ಏನೋ ಹೇಳಲು ಬಾಯಿ ತೆರೆದ. ಹೆಂಡತಿಯ ಅರಳಿದ ಮುಖ ಕಂಡ. ನೇಯ್ದಷ್ಟು ಬಟ್ಟೆಯನ್ನು ಗಡಿಬಿಡಿಯಿಂದ ಮಗ್ಗದ ಮರದ ದಿಂಡಿಗೆ ಸುತ್ತಿಬಿಟ್ಟ.

ಮುಂದಿನ ದಿನಗಳಲ್ಲೂ ಹಾಗೆಯೇ. ಹಗಲೆಲ್ಲ ಅವಳು ಆಚೆ ಓಣಿಯಲ್ಲಿ ಉದ್ದೆಳೆಯ ಹಾಸು ಹೂಡುವ ಕೂಲಿಗೆ ಹೋಗುತ್ತಿದ್ದಳು. ಮಗ್ಗದ ಸಪ್ಪಳ ಅಲ್ಲಿಗೆ ಕೇಳಿಸುತ್ತಿರಲಿಲ್ಲ. ಮುಸ್ಸಂಜೆಗೆ ಬಂದು ಅಳೆದರೆ ಆರು ಗೇಣು, ಒಮ್ಮೆ ಆರೂವರೆ. ಐದನೆಯ ದಿನ ಬಂದಾಗ ಅವನು ಮಗ್ಗದ ಮೇಲೆ ತಲೆಯಿಟ್ಟಿದ್ದ. ಲಾಳಿ ಕೈಯಲ್ಲೇ ಇತ್ತು. ನಿದ್ದೆ ಹತ್ತಿರಬೇಕೆಂದು ಅವಳು ಮೊದಲು ಸೀರೆಯನ್ನೇ ಅಳೆದಳು.

ಗಂಡನ ಮಣ್ಣು, ದಿನಕರ್ಮ ಮುಗಿದ ಮೇಲೆ ಅಮಸಿದ್ದಪ್ಪ ಸೀರೆಯನ್ನು ಕತ್ತರಿಸಿ ಇಳಿಸಿಕೊಟ್ಟ. ಗೋಡೆಯ ಗೂಡಿನಲ್ಲಿ ಪೈಲವಾನನ ಬಾಟಲಿ ಅರ್ಧ ಉಳಿದಿತ್ತು.

ಶೇಖವ್ವ ಬಾಗಿಲ ಬಿಸಿಲಿಗೆ ಸೀರೆ ಹಿಡಿದಳು. ಮೊದಲ ಭಾಗ ಅವನ ಎಂದಿನ ಗಟ್ಟಿ ನೇಯ್ಗೆ. ಬಿಸಿಲು ಆಚೆಗೇ ನಿಂತಿತು. ಔಷಧ ಶುರುವಾದ ದಿನದ ಕೆಂಪು ಗಂಟು ದಾಟುತ್ತಲೇ ಬಟ್ಟೆ ಕೈಯಲ್ಲಿ ಹಗುರವಾಯಿತು. ಎಳೆಗಳನ್ನು ಒತ್ತಾಗಿ ಕೂಡಿಸುವ ಹಣಿಗೆಯನ್ನು ಬಲವಾಗಿ ಬಡಿಯಲು ಅವನಿಗೆ ಆಗಿರಲಿಲ್ಲ. ಹೊಕ್ಕಿನ ಅಡ್ಡ ಎಳೆಗಳು ಒಂದಕ್ಕೊಂದು ಕೂಡದೆ ದೂರದೂರವೇ ಉಳಿದಿದ್ದವು. ಸೀರೆ ಬೆಳೆದದ್ದು ಹಾಗೆ.

ಅವಳು ಬಟ್ಟೆಯ ಹಿಂದೆ ಕೈ ಒಯ್ದು, ಅಳೆಯುವಾಗಿನಂತೆಯೇ ಚಾಚಿದಳು. ಐದೂ ಬೆರಳು, ಗಿಣ್ಣುಗಳ ಗೆರೆಗಳ ಸಮೇತ, ಈಚೆಗೆ ಕಾಣುತ್ತಿದ್ದವು.