ಮೀಸೆ ಮೇಷ್ಟ್ರ ತುಟಿ

ಮೊದಲು ಬರುತ್ತಿದ್ದುದು ಅವರ ಮೀಸೆ, ಅವರು ಆಮೇಲೆ. ಮೇಲ್ದುಟಿಯನ್ನು ಸಂಪೂರ್ಣವಾಗಿ ಆಕ್ರಮಿಸಿ, ಕೆಳದುಟಿಯ ಮೇಲೂ ಹಕ್ಕು ಸಾಧಿಸಹೊರಟಿದ್ದ ಆ ಬೆಳ್ಳಿಯ ಜಲಪಾತವನ್ನು ಎಡಗೈಯಿಂದ ನೇವರಿಸುತ್ತಾ, ನಮ್ಮ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಪಡಸಾಲೆಯಲ್ಲಿ ಅವರು ಎದೆ ಮುಂದು ಮಾಡಿ ನಡೆದರೆ, ಯಾವುದೋ ಉದ್ಘಾಟನೆಗೆ ಬಂದವರಂತೆ ಕಾಣುತ್ತಿದ್ದರು. ಹೊರಟದ್ದು ಮಾತ್ರ ಕಾಫಿಗೆ. ಬೆನ್ನ ಹಿಂದೆ ಎಲ್ಲರಿಗೂ ಅವರು ಮೀಸೆ ಮೇಷ್ಟ್ರು. ಅವರ ವರದಿಗಳ ಭಾಷೆ ತಿದ್ದುವುದು ನನ್ನ ಉದ್ಯೋಗ.

ಅವರ ಸಂಶೋಧನೆಯ ವಿಷಯ ಕಿವುಡುತನ. ಕಿವಿ ಮಂದವಾದ ವೃದ್ಧರು ತುಂಬಿದ ಮನೆಯಲ್ಲೇ ಹೇಗೆ ಏಕಾಕಿಗಳಾಗುತ್ತಾರೆಂದು ಅವರು ಬರೆದದ್ದಕ್ಕೆ ಅಲ್ಪವಿರಾಮ ಹಾಕುತ್ತಲೇ ನನ್ನ ಕಣ್ಣು ಒದ್ದೆಯಾದದ್ದುಂಟು. ಮಾತಿಗೆ ನಿಂತರೆ ಮಾತ್ರ ಮೇಷ್ಟ್ರು ಕಿಟಕಿಯನ್ನು ಉದ್ದೇಶಿಸಿಯೇ ಮಾತಾಡುವರು. ಅರ್ಧ ಮಾತು ಮೀಸೆಗೆ, ಅರ್ಧ ಕಿಟಕಿಗೆ ಸಂದು, ನಮಗೆ ಉಳಿಯುತ್ತಿದ್ದುದು ಗಾಂಭೀರ್ಯವೊಂದೇ.

ಅವರ ತಂಡದಲ್ಲಿ ವೃದ್ಧರನ್ನು ಎದುರು ಕೂರಿಸಿಕೊಂಡು ಕಿವಿ ಪರೀಕ್ಷಿಸುವ ಸಂಶೋಧಕಿಯೊಬ್ಬಳಿದ್ದಳು. ಹಿಂದಿನಿಂದ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಸಭೆಯಲ್ಲಿ ಹೇಳಿದ್ದೊಂದು, ಅವಳು ಮಾಡಿದ್ದೊಂದು. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಕಣಯ್ಯಾ! ತಿಂಗಳ ಕೊನೆಗೆ ಅವಳನ್ನ ಕೆಲಸದಿಂದ ಕಳಿಸಿಬಿಡ್ತೀನಿ" ಎಂದು ಮೇಷ್ಟ್ರು ನನ್ನ ಬಳಿ ಗುಡುಗಿದ್ದರು.

ಅಷ್ಟರಲ್ಲಿ, ಎಲ್ಲರನ್ನೂ ಒಳಗೊಳ್ಳುವುದು ಹೇಗೆಂದು ಸಿಬ್ಬಂದಿಗೆ ಕಲಿಸುವ ತರಬೇತಿಯೊಂದು ಬಂತು. ಸಂಚಾಲಕರು, ಹೇಳಬೇಕೆ, ಮೇಷ್ಟ್ರೇ. ತರಬೇತಿ ಕೊಡಲು ಬಂದಾಕೆ, "ಇಲ್ಲಿ ಹೊರಗುಳಿದವರು ಯಾರಾದ್ರೂ ಇದ್ದೀರಾ?" ಎಂದು ಕೇಳಿದ್ದೇ ತಡ, ಮೇಷ್ಟ್ರು ಎದ್ದು ಆ ಸಂಶೋಧಕಿಯತ್ತ ಕೈ ಮಾಡಿದರು.

"ನಮ್ಮಲ್ಲಿ ಆ ಕಾಯಿಲೆ ಇಲ್ಲ ಮೇಡಂ, ಒಂದೇ ಮನೆಯವರ ಥರ ಇದ್ದೀವಿ. ಬೇಕಾದ್ರೆ ಈ ಹುಡುಗೀನೇ ಕೇಳಿ. ಏನಮ್ಮಾ, ನಿನ್ನನ್ನ ಹೊರಗಿಟ್ಟಿದ್ದೀವಾ?"

ಕೇಳಿದ್ದು, ಎಂದಿನಂತೆ, ಕಿಟಕಿಯನ್ನು. ಅವಳು ಸುಮ್ಮನಿದ್ದಳು.

"ನೋಡಿದ್ರಾ? ಹೇಳೋಕೇ ಏನಿಲ್ಲ!"

ತರಬೇತಿಯಾಕೆ ಹತ್ತಿರ ಹೋಗಿ, ಅವಳ ಎದುರು ನಿಂತು, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಆಗ ಅವಳು ಕಿವಿಯ ಮೇಲಿನ ಕೂದಲನ್ನು ಮೆಲ್ಲಗೆ ಎತ್ತಿದಳು. ಎರಡೂ ಕಿವಿಗಳಲ್ಲಿ ಶ್ರವಣಯಂತ್ರ.

"ಇದಿದ್ರೂ ಪೂರ್ತಿ ಕೇಳಿಸಲ್ಲ. ತುಟಿ ನೋಡಿದ್ರೆ ಗೊತ್ತಾಗುತ್ತೆ. ಸಾರ್ ಈಗೇನು ಕೇಳಿದ್ರು ಅಂತ ನಂಗೆ ತಿಳೀಲಿಲ್ಲ. ಅವರ ತುಟಿ ನಾನು ಇವತ್ತಿನವರೆಗೂ ಕಂಡಿಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಹೆದರಿದ್ದೆ."

ನಮಗೆಲ್ಲ ಸಿಡಿಲು ಬಡಿದಂತಾಯಿತು. ಕಿವಿಯ ಸಕಲ ರಹಸ್ಯಗಳನ್ನೂ ಅರೆದು ಕುಡಿದ ಪಂಡಿತರಿಂದ ಕೋಣೆ ತುಂಬಿತ್ತು. ಅವಳ ಕಿವಿ ನೋಡಿದವರು ಒಬ್ಬರೂ ಇರಲಿಲ್ಲ. ಮೇಷ್ಟ್ರ ಎಡಗೈ ಮೀಸೆಯತ್ತ ಹೊರಟದ್ದು ಅರ್ಧ ದಾರಿಯಲ್ಲೇ ನಿಂತಿತು. ನಿಂತೇ ಇತ್ತು.

ಸೋಮವಾರ ಎರಡನೆಯ ಆಘಾತ: ಬಾಗಿಲಲ್ಲಿ ಕಾವಲುಗಾರ ಯಾರನ್ನೋ ತಡೆದು, "ಯಾರು ಬೇಕಾಗಿತ್ತು ಸ್ವಾಮಿ?" ಎನ್ನುತ್ತಿದ್ದ. ಮೀಸೆಯಿಲ್ಲದ ಮೇಷ್ಟ್ರು! ಬಿಸಿಲನ್ನೇ ಕಾಣದ ಆ ಮೇಲ್ದುಟಿ ಹಸುಗೂಸಿನದರಂತೆ ಬಿಳಿಚಿಕೊಂಡಿತ್ತು. ಮೇಷ್ಟ್ರು ನೇರ ಹೋಗಿ, ಆ ಸಂಶೋಧಕಿಯ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಈಗ ಗೊತ್ತಾಗುತ್ತೇನಮ್ಮಾ? ಎಲ್ಲೂ ಹೋಗಬೇಡ. ಇಲ್ಲೇ ಇರು."

"ಗೊತ್ತಾಯ್ತು ಸಾರ್. ಕಿಟಕಿ ಕಡೆ ಮಾತ್ರ ತಿರುಗಬೇಡಿ."

ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಜನವೇ ಲೋಕದಲ್ಲಿ ಹೆಚ್ಚು. ಲೋಕವನ್ನೆಲ್ಲ ಒಳಗೆ ಕರೆಯುವ ಇಂಥ ಮಹನೀಯರಿಗೆ ಬಾಗಿಲಿಗೆ ಅಡ್ಡವಾಗಿರುವುದು ತಮ್ಮದೇ ಮುಖದಲ್ಲಿ ಬೆಳೆದದ್ದೆಂದು ತೋರಿಸಿಕೊಟ್ಟರೆ, ಬಹುಪಾಲು ಮಂದಿ ಒಳ್ಳೆಯದೊಂದು ಬಾಚಣಿಗೆ ಕೊಳ್ಳುತ್ತಾರೆ. ಕತ್ತರಿ ಹುಡುಕುವವರು ವಿರಳ.