ಬಾತುಮರಿಯ ಬಾಣಂತನ

ಜವಳಗೇರಾದ ಸುತ್ತ ಭತ್ತದ ಕೊಯ್ಲು ಮುಗಿಯುವುದೇ ತಡ, ಆಂಧ್ರದ ಕಡೆಯಿಂದ ಬಾತುಕೋಳಿಗಳ ಹಿಂಡುಗಳು ಬಂದಿಳಿಯುತ್ತವೆ. ಉದುರಿದ ಕಾಳು, ಹುಳ, ಬಸವನಹುಳು ಎಲ್ಲ ಆರಿಸಿ ತಿಂದು, ಗದ್ದೆ ತುಂಬ ಗದ್ದಲ ಎಬ್ಬಿಸಿ, ಮತ್ತೆ ನಾಟಿಗೆ ನೀರು ಬಿಡುವ ಹೊತ್ತಿಗೆ ಮುಂದಿನ ಊರಿಗೆ ಹೋಗಿಬಿಡುತ್ತವೆ. ಹಿಂಡು ಕಾಯುವ ಯಮನೂರಪ್ಪ ಈ ಸಲ ಹೊರಡುವ ದಿನ ಲಕ್ಷ್ಮಿದೇವಿಯ ವೇಲಿನಲ್ಲಿ ನಾಲ್ಕು ಮೊಟ್ಟೆ ಹಾಕಿದ. ಹದಿನೈದು ದಿನ ಬದುವಿನ ಮೇಲೆ ನಿಂತು ಬಾತುಗಳನ್ನು ನೋಡುತ್ತಿದ್ದ ಹುಡುಗಿ. ಒಂದು ದಿನವೂ ಬಾಯಿ ಬಿಟ್ಟವಳಲ್ಲ.

“ಹುರ್ಕೊಂಡು ತಿನ್ನಮ್ಮಾ,” ಎಂದ.

ಅವಳು ಹುರಿಯಲಿಲ್ಲ. ಕಾವಿಗೆ ಇಟ್ಟಳು.

ಹತ್ತೊಂಬತ್ತರ ಲಕ್ಷ್ಮಿದೇವಿ ಏಳನೇ ತರಗತಿಗೆ ಶಾಲೆ ಬಿಟ್ಟವಳು. ಅವ್ವ ಕೂಲಿಗೆ ಹೋದರೆ ಮನೆ ಇವಳದೇ. ಸಂಜೆ ಅಣ್ಣ ವಿರೇಶನ ಫೋನು ಕೈಗೆ ಸಿಕ್ಕಾಗ ಮೊಟ್ಟೆ ಮರಿ ಮಾಡುವ ವಿಡಿಯೊ ನೋಡಿ ನೋಡಿ ಎಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ವಿರೇಶ ಸಿಂಧನೂರಿನ ಮೀನಿನ ಅಂಗಡಿಯಿಂದ ಥರ್ಮಾಕೋಲ್ ಡಬ್ಬಿ ತಂದುಕೊಟ್ಟ; ವಾಸನೆ ಹೋಗಲು ಮೂರು ಸಲ ತೊಳೆಯಬೇಕಾಯಿತು. ಈಗಿನ ಬಲ್ಬುಗಳು ಬೆಳಕು ಕೊಡುತ್ತವೆಯೇ ಹೊರತು ಕಾವು ಕೊಡುವುದಿಲ್ಲ. ಹಳೇ ಕಾಲದ ನಲವತ್ತು ವ್ಯಾಟಿನ ಬಲ್ಬಿಗಾಗಿ ಅವನು ಮಸ್ಕಿಯಲ್ಲಿ ನಾಲ್ಕು ಅಂಗಡಿ ತಿರುಗಿದ. ಡಬ್ಬಿಯ ಒಂದು ಬದಿಗೆ ಕಿಂಡಿ ಕೊರೆದು ಗಾಜಿನ ಚೂರು ಕೂರಿಸಿದಳು. ಶಾಖ ಅಳೆಯಲು ಕೊರೊನಾ ಕಾಲದಲ್ಲಿ ಕೊಂಡ ಜ್ವರದ ಥರ್ಮಾಮೀಟರು ಇತ್ತು.

“ಏನ್ ಡಾಕ್ಟರಮ್ಮಾ, ಇವತ್ತೆಷ್ಟು ಜ್ವರ?” ಟ್ರ್ಯಾಕ್ಟರ್ ಇಳಿದು ಬಂದವನೇ ವಿರೇಶ ಕೇಳುತ್ತಿದ್ದ.

“ತೊಂಬತ್ತೊಂಬತ್ತೂವರಿ.”

“ಭಾಳಾತು. ಒಂದು ಗುಳಿಗಿ ಹಾಕಿಬಿಡು.”

ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸಬೇಕು. ಯಾವ ಬದಿ ಮೇಲಿತ್ತೆಂಬ ಗುರುತಿಗೆ ಒಂದೊಂದರ ಮೇಲೂ ಕಾಡಿಗೆಯ ಚುಕ್ಕೆ ಇಟ್ಟಿದ್ದಳು. ಅಜ್ಜಿ ಆದಮ್ಮ ಅದನ್ನು ದೃಷ್ಟಿಬೊಟ್ಟೆಂದು ತಿಳಿದು, “ಇಷ್ಟರ ಬುದ್ಧಿ ಐತಲ್ಲ,” ಎಂದು ಮೆಚ್ಚಿದಳು. ಹತ್ತನೇ ದಿನ ಕತ್ತಲ ಕೋಣೆಯಲ್ಲಿ ಫೋನಿನ ಟಾರ್ಚ್ ಹಚ್ಚಿ ನೋಡಿದರೆ ಎರಡು ಮೊಟ್ಟೆ ಬರಿದು. ಉಳಿದೆರಡರಲ್ಲಿ ಕೆಂಪು ದಾರಗಳು ಹಬ್ಬಿದ್ದವು, ನಡುವೆ ಏನೋ ಮಿಸುಕಿತು. ಅಜ್ಜಿಯೂ ಬಗ್ಗಿ ನೋಡಿದಳು.

“ಏ, ಇದ್ರಾಗ ಜೀವ ಐತಲ್ಲಬೇ.”

ಅಂದಿನಿಂದ ಆ ಡಬ್ಬಿ ಬಾಣಂತಿ ಕೋಣೆಯಾಯಿತು. ಓಣಿಯಲ್ಲಿ ಹುಟ್ಟಿದ ಅರವತ್ತು ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆದ ಕೈ ಆದಮ್ಮನದು. ಬಾಣಂತನದ ವಿಷಯದಲ್ಲಿ ಅವಳ ಮಾತಿಗೆ ಓಣಿಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಅವಳು ಡಬ್ಬಿಯ ಸುತ್ತ ಕಂಬಳಿ ಹೊದಿಸಿದಳು, ಬಾಗಿಲ ಸಂದಿಗೆ ಗೋಣಿಚೀಲ ತುರುಕಿದಳು. ಇಷ್ಟರವರೆಗೆ ಒಳ್ಳೆಯದೇ.

ಇಪ್ಪತ್ತೆಂಟು ದಿನದ ಕಾವಿನಲ್ಲಿ ಕಡೆಯ ಮೂರು ದಿನ ಮುಚ್ಚಳ ತೆಗೆಯಬಾರದು, ಒಳಗೆ ಹಸಿ ಇರಬೇಕು ಎಂದು ವಿಡಿಯೊದಲ್ಲಿ ಹೇಳಿದ್ದರು. ಹಸಿ ಆರಿದರೆ ಚಿಪ್ಪಿನೊಳಗಿನ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದಂತೆ. ಲಕ್ಷ್ಮಿದೇವಿ ನೀರಿನ ಬಟ್ಟಲು, ಒದ್ದೆ ಬಟ್ಟೆ ಒಳಗಿಟ್ಟು ಮುಚ್ಚಿದಳು. ಅಜ್ಜಿಗೂ ಹೇಳಿಬಿಡಬೇಕು ಎಂದುಕೊಂಡಳು. ಅರವತ್ತು ಕೂಸಿನವಳಿಗೆ ಬಾಣಂತನ ಹೇಳಿಕೊಡುವ ಮಾತು ಎಲ್ಲಿಂದ ಶುರು ಮಾಡಬೇಕೆಂದು ಹೊಳೆಯದೆ ಸುಮ್ಮನಾದಳು.

ಇಪ್ಪತ್ತೇಳನೇ ದಿನ ಬೆಳಿಗ್ಗೆ ಒಂದು ಮೊಟ್ಟೆ ಬಿರಿಯಿತು. ಕಾಳಿನಷ್ಟು ತೂತು, ಅದರಲ್ಲಿ ಕೊಕ್ಕಿನ ತುದಿ. ಚಿಂವ್ ಎನ್ನುವ ಸದ್ದು. ಅಡುಗೆಮನೆಯಿಂದ ಕಿಂಡಿಗೆ, ಕಿಂಡಿಯಿಂದ ಅಡುಗೆಮನೆಗೆ ಹತ್ತು ಸಲ ಓಡಾಡಿ, ಕೊನೆಗೆ ಬಟ್ಟೆ ಒಗೆಯಲು ಕಾಲುವೆಗೆ ಹೋದಳು.

ತಿರುಗಿ ಬಂದಾಗ ಕೋಣೆ ತುಂಬ ಲೋಬಾನದ ಹೊಗೆ. ಐದಾರು ಹೆಂಗಸರು ಬಗ್ಗಿದ್ದಾರೆ. ಡಬ್ಬಿಯ ಮುಚ್ಚಳ ಗೋಡೆಗೆ ಒರಗಿದೆ. ಪಕ್ಕದಲ್ಲಿ ಅಗ್ಗಿಷ್ಟಿಗೆ ಕೆಂಪಗೆ ಉರಿಯುತ್ತಿದೆ. ನೀರಿನ ಬಟ್ಟಲೂ ಒದ್ದೆ ಬಟ್ಟೆಯೂ ಹೊರಗೆ ಕಟ್ಟೆಯ ಮೇಲಿವೆ.

“ಪುಷ್ಯದ ಥಂಡ್ಯಾಗ ಹಡದ ಕೂಸಿನ ಮಗ್ಗಲಾಗ ಹಸಿ ಅರಿವಿ ಇಟ್ಟಾಳ ನೋಡ್ರಿ ನನ್ನ ಮೊಮ್ಮಗಳು,” ಆದಮ್ಮ ನಗುತ್ತ ಹೇಳುತ್ತಿದ್ದಳು. ಒಳಗೆ ಒಣಗಿದ ಹಳೇ ಸೀರೆಯ ಮೆತ್ತೆ ಹಾಸಿದ್ದಳು.

“ಮದುವ್ಯಾಗದ ಹುಡುಗಿ, ಅದಕೇನ್ ಗೊತ್ತಾಗ್ತೈತಿ,” ಎಂದಳು ಪಕ್ಕದ ಮನೆಯ ಹಸೀನಾಬೀ.

ಲಕ್ಷ್ಮಿದೇವಿ ಹಸಿ ಬಟ್ಟೆಯ ಬುಟ್ಟಿ ಸೊಂಟದ ಮೇಲೆ ಹೊತ್ತು ಬಾಗಿಲಲ್ಲೇ ನಿಂತಳು. ಇವರು ಹೋಗಲಿ, ಆಮೇಲೆ ಸರಿ ಮಾಡಿದರಾಯಿತು ಎಂದು ಚಹಾಕ್ಕೆ ನೀರಿಟ್ಟಳು. ಚಹಾ ಕುಡಿದವರು ಎಲೆ ಅಡಿಕೆ ಹಾಕಿಕೊಂಡರು. ಎಲೆ ಅಡಿಕೆ ಹಾಕಿಕೊಂಡವರು ಯಾರ್‍ಯಾರ ಹೆರಿಗೆ ಎಷ್ಟು ಕಷ್ಟವಾಯಿತೆಂದು ಮೊದಲಿಂದ ಹೇಳಿದರು. ಅವರು ಎದ್ದಾಗ ಹೊತ್ತು ಇಳಿದಿತ್ತು. ಅವಳು ಬಟ್ಟಲು, ಒದ್ದೆ ಬಟ್ಟೆ ಒಳಗಿಟ್ಟು ಮುಚ್ಚಳ ಹಾಕಿದಳು. ಚಿಂವ್ ಎನ್ನುವುದು ಆಗಲೇ ಸಣ್ಣಗಾಗಿತ್ತು.

ಮರುದಿನ ಬೆಳಿಗ್ಗೆ ಅದೂ ಇರಲಿಲ್ಲ. ತೂತು ಇದ್ದಷ್ಟೇ ಇತ್ತು, ಕೊಕ್ಕಿನ ತುದಿ ಅಲ್ಲೇ ಇತ್ತು.

“ಥಂಡಿ ಹತ್ತಿ ಹೋತು,” ಎಂದಳು ಆದಮ್ಮ, ಕಣ್ಣೊರೆಸಿಕೊಂಡು. ವಿರೇಶ ಆ ದಿನ ಜ್ವರ ಎಷ್ಟೆಂದು ಕೇಳಲಿಲ್ಲ.

ಲಕ್ಷ್ಮಿದೇವಿ ಹಿತ್ತಲಲ್ಲಿ ಕೂತು ಚಿಪ್ಪು ಬಿಡಿಸಿದಳು. ಮರಿ ಪೂರ್ತಿ ಬೆಳೆದಿತ್ತು. ಪೊರೆ ಒಣ ಉಳ್ಳಾಗಡ್ಡಿ ಸಿಪ್ಪೆಯಂತೆ ಮೈಗೆಲ್ಲ ಬಿಗಿದಿತ್ತು. ಅದು ಒದ್ದಿದೆ, ತಿರುಗಲು ನೋಡಿದೆ, ಆಗಿಲ್ಲ. ನಾನು ಚಹಾ ಮಾಡುತ್ತಿದ್ದೆ ಎಂದುಕೊಂಡಳು.

ಮರಿಯನ್ನು ಕೈಯಲ್ಲೇ ಹಿಡಿದು ಒಳಗೆ ಬಂದರೆ ಎರಡನೆಯ ಮೊಟ್ಟೆಯಲ್ಲಿ ಕಾಳಿನಷ್ಟು ತೂತು ಬಿದ್ದಿತ್ತು. ಹಿಂದೆಯೇ ಆದಮ್ಮ ಅಗ್ಗಿಷ್ಟಿಗೆ ಹಿಡಿದು ಬಂದಳು, ಅವಳ ಹಿಂದೆ ಲೋಬಾನದ ಪೊಟ್ಟಣ ಹಿಡಿದ ಹಸೀನಾಬೀ.

“ಸರಿಯಬೇ ಲಚುಮಿ. ಇದನ್ನಾರ ಉಳಿಸ್ಕೊಳ್ಳೋಣ. ನಿನ್ನಿಗಿಂತ ಜಾಸ್ತಿ ಕೆಂಡ ಹಾಕೀನಿ.”

ಲಕ್ಷ್ಮಿದೇವಿ ಸರಿಯಲಿಲ್ಲ. ಮುಚ್ಚಳದ ಮೇಲೆ ಅಂಗೈ ಊರಿದಳು.

“ಬ್ಯಾಡ ಅಜ್ಜಿ.”

“ಏನ್ ಬ್ಯಾಡ?”

“ಕೆಂಡ ಬ್ಯಾಡ. ಹೊಗಿ ಬ್ಯಾಡ. ತೆಗಿಯೋದೂ ಬ್ಯಾಡ. ಆ ಮರಿ ಥಂಡಿಗೆ ಹೋಗಿಲ್ಲ.”

ಹಸೀನಾಬೀ ಅಗ್ಗಿಷ್ಟಿಗೆಯನ್ನೂ ಆದಮ್ಮನ ಮುಖವನ್ನೂ ನೋಡಿದಳು.

“ಅರವತ್ತು ಕೂಸಿಗೆ ಎರದೀನಿ,” ಎಂದಳು ಆದಮ್ಮ ನಿಧಾನಕ್ಕೆ. “ನೀ ನನಗ ಹೇಳ್ತಿಯೇನು?”

ಲಕ್ಷ್ಮಿದೇವಿ ಇನ್ನೊಂದು ಕೈಯಲ್ಲಿದ್ದ ಸತ್ತ ಮರಿಯನ್ನು ಚಾಚಿದಳು. ಅಜ್ಜಿ ಅಗ್ಗಿಷ್ಟಿಗೆ ಕೆಳಗಿಟ್ಟು ಅದನ್ನು ಅಂಗೈಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಪೊರೆ ಮುಟ್ಟಿದಳು, ಉಗುರಿನಿಂದ ಬಿಡಿಸಲು ನೋಡಿದಳು. ಬರಲಿಲ್ಲ.

“ಒಣಗ್ಯಾದ,” ಎಂದಳು.

“ಹೂಂ.”

“ಇದು ನೀರಿನ ಕೂಸಲ್ಲೇನು. ನನಗ ಹೊಳಿಲೇ ಇಲ್ಲ.” ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ, “ನಿನ್ನಿ ಹೇಳಾಕೇನಾಗಿತ್ತು ನಿನಗ?”

ಲಕ್ಷ್ಮಿದೇವಿ ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ.

ಆದಮ್ಮ ಅಗ್ಗಿಷ್ಟಿಗೆ ಎತ್ತಿಕೊಂಡು ಹೊರಗೆ ಹೋಗಿ ಹೊಸ್ತಿಲಿಗೆ ಅಡ್ಡ ಕೂತಳು. ಆ ದಿನವೂ ಮರುದಿನವೂ ಮರಿ ನೋಡಲು ಬಂದವರನ್ನೆಲ್ಲ ಅಲ್ಲಿಂದಲೇ ತಿರುಗಿಸಿದಳು. “ಒಳಗ ಹೋಗಂಗಿಲ್ರೀ. ನಮ್ಮ ಹುಡುಗಿ ಬ್ಯಾಡಂದಾಳ,” ಎನ್ನುವಾಗ ಅದರಲ್ಲಿ ಮುನಿಸೆಷ್ಟು, ಹೆಮ್ಮೆಯೆಷ್ಟು ಎಂದು ಕಿಂಡಿಯ ಮುಂದೆ ಕೂತವಳಿಗೆ ತಿಳಿಯಲಿಲ್ಲ.

ಎರಡನೆಯ ದಿನ ಸಂಜೆ ನಾಲ್ಕು ಗಂಟೆಗೆ ಚಿಪ್ಪಿನ ಸುತ್ತ ಗೆರೆ ಕೂಡಿ, ಮೇಲಿನ ಭಾಗ ಟೊಪ್ಪಿಗೆಯಂತೆ ಕಳಚಿಬಿತ್ತು. ಒದ್ದೆ ಮೈ, ಉದ್ದ ಕತ್ತು, ಮೈಗಿಂತ ದೊಡ್ಡ ಪಾದಗಳ ಒಂದು ಪ್ರಾಣಿ ಹೊರಳಿ ಬಂದು, ಮುಗ್ಗರಿಸಿ, ಬಟ್ಟಲಿನ ಅಂಚಿಗೆ ಗಲ್ಲ ಊರಿ ಮಲಗಿತು.

“ಬಂತೇನು?” ಹೊಸ್ತಿಲಿನಿಂದ ಅಜ್ಜಿಯ ದನಿ.

“ಬಂತು.”

“ಒಳಗ ಬರ್ಲೇನು?”

ಲಕ್ಷ್ಮಿದೇವಿ ಗಾಜಿಗೆ ಮೂಗು ತಾಗಿಸಿ ನೋಡಿದಳು. ಪುಕ್ಕ ಇನ್ನೂ ಮೈಗಂಟಿತ್ತು.

“ಇನ್ನೂ ಬ್ಯಾಡ. ಒಣಗ್ಲಿ.”

“ನಿನ್ನಿ ಹಸಿ ಬೇಕಂದಿ, ಇವತ್ತು ಒಣಗ್ಲಿ ಅಂತೀದಿ,” ಅಜ್ಜಿ ಗೊಣಗಿದಳು. ಆಮೇಲೆ ಯಾರಿಗೋ ಹೇಳುವುದು ಕೇಳಿಸಿತು: “ಏ ಹಸೀನಾಬೀ, ಕುಂದರಬೇ. ಇನ್ನೂ ಬ್ಯಾಡಂತ.”