ಬಲಕ್ಕೆ ತಿರುಗಿದಾಗ

ಟಕ್, ಟಕ್, ಟಕ್— ಮತ್ತೆ ಅದೇ, ಬಲಕ್ಕೆ ತಿರುಗುವಾಗ ಮಾತ್ರ, ಸ್ಟಿಯರಿಂಗ್ ನೇರ ಮಾಡಿದೊಡನೆ ಬಾಯಿ ಮುಚ್ಚಿಕೊಳ್ಳುತ್ತದೆ, ಅಣ್ಣ ಒಳಗೆ ಬಂದಾಗ ಅಡುಗೆಮನೆ ಸುಮ್ಮನಾಗುವ ಹಾಗೆ, ಅವಳು ಕಿಟಕಿಗಳನ್ನೆಲ್ಲ ಇಳಿಸಿದಳು, ಮೊದಲ ಗೇರು, ಮುಚ್ಚಿದ ಗೋದಾಮಿನ ಹಿಂದಿನ ಬಯಲಲ್ಲಿ ಮತ್ತೊಂದು ಸುತ್ತು, ಸುತ್ತಿನ ನಡುವೆ ಅಣ್ಣ, ಒಂದು ಕೈಯಲ್ಲಿ ಫೋನು, ಇನ್ನೊಂದು ಅಂಗೈ ಚಾಚಿದ್ದು ಚಾಚಿದ ಹಾಗೇ— ಸಾಕು ನಿನ್ನ ಗಿರಗಿಟ್ಲೆ ಆಟ, ಕೀ ಕೊಡು, ಗೇರ್‌ಬಾಕ್ಸ್ ಹೋಗಿದೆ ಅಂತ ಮೆಕ್ಯಾನಿಕ್ಕೇ ಹೇಳಿದಾನೆ, ಮಧ್ಯಾಹ್ನ ಗಿರಾಕಿ ಬರ್ತಾನೆ, ಮಾರಿ ಕೈತೊಳ್ಕೋ. ಮೆಕ್ಯಾನಿಕ್ ಎಲ್ಲಿ ಹೇಳಿದ, ಮೊನ್ನೆ ಅವಳನ್ನು ಗ್ಯಾರೇಜಿನ ಸ್ಟೂಲಿನ ಮೇಲೆ ಕೂರಿಸಿ ಅಣ್ಣನೂ ಅವನೂ ಕಾರು ತಗೊಂಡು ಹೋದರು, ಹೆದ್ದಾರಿಯಲ್ಲಿ, ಕಿಟಕಿ ಏರಿಸಿ, ಎಸಿ ಹಾಕಿ, ಬಾಣದ ಹಾಗೆ ನೆಟ್ಟಗೆ, ನೆಟ್ಟಗೆ ಹೋದರೆ ಅದು ಯಾಕೆ ಸದ್ದು ಮಾಡೀತು, ವಾಪಸ್ ಬಂದು ಅಣ್ಣನೇ ಕೇಳಿದ, ಗೇರ್‌ಬಾಕ್ಸೇ ಅಲ್ವೇನಪ್ಪಾ, ಅವನು ತಲೆ ಕೆರೆದುಕೊಂಡು, ಇರಬಹುದು ಸಾರ್, ಆ ಇರಬಹುದು ಎಂಬುದು ಮನೆ ತಲುಪುವಷ್ಟರಲ್ಲಿ ಹೋಗೇಬಿಟ್ಟಿದೆ ಎಂದಾಗಿತ್ತು. ಟಕ್ ಟಕ್. ಆಕ್ಸಿಲರೇಟರ್ ತುಸು ಒತ್ತಿದರೆ ಜೋರು, ಬಿಟ್ಟರೆ ಮೆಲ್ಲಗೆ, ಎಡಕ್ಕೆ ತಿರುಗಿಸಿ ನೋಡಿದಳು, ಏನೂ ಇಲ್ಲ, ಬಲಕ್ಕೆ, ಇದೆ— ಇದೇನು ಅವಳಿಗೆ ಹೊಸದೇ, ಪಾರ್ಶ್ವವಾಯು ಹೊಡೆದವರ ಮನೆಮನೆಗೆ ಹೋಗಿ ಅವರನ್ನು ಮತ್ತೆ ನಡೆಸುವವಳು, ಮಲಗಿದವರನ್ನು ಎಲ್ಲಿ ನೋವು ಎಂದು ಕೇಳಿದರೆ ಎಲ್ಲೆಲ್ಲೋ ತೋರಿಸುತ್ತಾರೆ, ಎಬ್ಬಿಸಿ ತಿರುಗಿಸಬೇಕು, ಬಲಕ್ಕೆ ತಿರುಗುವವನ ಭಾರ ಎಡಗಾಲಿನ ಮೇಲೆ, ಆಗ ಕೀಲು ತಾನೇ ಕೂಗುತ್ತದೆ, ಎಡ, ಎಡಗಡೆ ಮುಂದಿನ ಚಕ್ರ. ಅಂಗೈ ಮತ್ತೆ ಕಿಟಕಿಯ ಪಕ್ಕ ಹಾದುಹೋಯಿತು, ಗಾಡಿ ಯಾಕಮ್ಮಾ ನಿಂಗೆ, ಎಲ್ಲಿಗೆ ಬೇಕೋ ನಾನೇ ಬಿಡಲ್ವಾ, ಬಿಡುತ್ತಿದ್ದ, ಯಾರ ಮನೆ, ಗಂಡಸು ರೋಗೀನಾ, ಎಷ್ಟೊತ್ತು, ಬೇಗ ಮುಗಿಸು, ಗೇಟಿನಾಚೆ ಅವನ ಹಾರ್ನು, ಒಳಗೆ ಮುದುಕರ ಕಾಲು ಇನ್ನೂ ಅವಳ ಕೈಯಲ್ಲಿ ನಡುಗುತ್ತಿದ್ದಾಗಲೇ ಹಾರ್ನು, ಇಲ್ಲ, ಇನ್ನು ಆ ಪಕ್ಕದ ಸೀಟಿನಲ್ಲಿ ಅವಳು ಕೂರುವುದಿಲ್ಲ.

ನಿಲ್ಲಿಸಿದಳು, ಸ್ಟಿಯರಿಂಗ್ ಪೂರಾ ಬಲಕ್ಕಿಟ್ಟೇ, ಕೀ ತೆಗೆದು ಇಳಿದಳು, ಈಗ ಬುದ್ಧಿ ಬಂತು ನೋಡು ಎನ್ನುತ್ತ ಅಣ್ಣ ಅಂಗೈ ಇನ್ನಷ್ಟು ಮುಂದೆ ಮಾಡಿದ, ಅವಳು ಅದನ್ನು ದಾಟಿ ಎಡಚಕ್ರದ ಬಳಿ ಮಂಡಿಯೂರಿದಳು, ಬಟ್ಟೆ ಮಣ್ಣಾಗುತ್ತದೆ, ಆಗಲಿ, ಚಕ್ರದ ಹಿಂದೆ ಕೈ ತೂರಿಸಿ ತಡಕಿದರೆ ಆಕ್ಸಲಿನ ತುದಿ, ಅಲ್ಲಿನ ಕೀಲಿನ ಮೇಲೆ ರಬ್ಬರಿನ ಕವಚ, ಮಡಿಕೆ ಮಡಿಕೆ, ಒಂದು ಮಡಿಕೆಯಲ್ಲಿ ಬೆರಳು ಸಲೀಸಾಗಿ ಒಳಗೇ ಹೋಯಿತು, ಹರಿದಿದೆ, ಸುತ್ತ ಗ್ರೀಸು ಚಿಮ್ಮಿದೆ, ಮರಳು ಸೇರಿ ಗರಗರ— ಗೇರ್‌ಬಾಕ್ಸ್ ಅಲ್ಲಣ್ಣ, ಕೀಲು, ಎಡಗಡೆ ಆಕ್ಸಲ್ ಬದಲಾಯಿಸಿದ್ರೆ ಮುಗೀತು, ಗಿರಾಕಿಗೆ ಬರಬೇಡ ಅನ್ನು. ಅವನು ಫೋನನ್ನು ಎದೆಗೊತ್ತಿ ಹಿಡಿದ, ಓಹೋ, ಇವಳು ಕಾರಿಗೂ ಡಾಕ್ಟರು, ಕೊಡೇ ಕೀ, ನಾನು ಮಾತು ಕೊಟ್ಟಾಗಿದೆ. ಮಾತು ಅವನದು, ಕಾರು ಅವಳದು, ಕೀ ಅವಳ ಎಡಮುಷ್ಟಿಯಲ್ಲಿ ಬಿಗಿಯಾಗಿದೆ, ಅವನ ಅಂಗೈ ಮುಖದ ಮುಂದೆ, ಬಲಗೈ ಬೆರಳುಗಳನ್ನು ಅವಳು ಅದರ ಮೇಲೆ ನಿಧಾನವಾಗಿ ಎಳೆದಳು, ಒರೆಸುವ ಹಾಗೆ, ಅವನು ಮುಚ್ಚಲಿಲ್ಲ, ಹಿಂದಕ್ಕೂ ತೆಗೆದುಕೊಳ್ಳಲಿಲ್ಲ, ಚಾಚಿದ ಅಂಗೈ, ಕರಿಯ ಗ್ರೀಸು, ಅಂಗೈ—